ಮಗ್ಗದ ಶೆಡ್ಡಿಗೆ ಮೊದಲು ಮಗ್ಗ, ಆಮೇಲೆ ಅಂಗಡಿ

(ನೇಕಾರರು, ಪಂಚಾಯಿತಿ ಸದಸ್ಯರು ಮತ್ತು ವಾಸ್ತುಶಿಲ್ಪ ಓದುತ್ತಿರುವ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಊರಿನ ದೇವಸ್ಥಾನ ಸೋರಿದರೆ ಚಂದಾ ಎತ್ತುತ್ತೇವೆ. ಶಾಲೆ ಸೋರಿದರೆ ಅರ್ಜಿ ಬರೆಯುತ್ತೇವೆ. ಮಗ್ಗದ ಶೆಡ್ಡು ಸೋರಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅದು ಸಂಘದ್ದೋ, ಇಲಾಖೆಯದ್ದೋ, ಯಾವುದೋ ಟ್ರಸ್ಟಿನದ್ದೋ ಅಂತ ಬಿಟ್ಟುಬಿಡುತ್ತೇವೆ. ಆದರೆ ಇಲ್ಲಿ ಕೂತಿರುವ ಎಷ್ಟೋ ಜನರ ಅಜ್ಜ ಅಜ್ಜಿಯರು ದುಡಿದದ್ದು ಆ ಶೆಡ್ಡಿನಲ್ಲೇ ಅಲ್ವಾ?

ಇವತ್ತು ನಾನು ಹೇಳಬೇಕು ಅಂತಿರುವುದು ಅಂಥ ಕಟ್ಟಡಗಳ ಬಗ್ಗೆ. ಖಾದಿ ಕೇಂದ್ರದ ಉದ್ದನೆಯ ಹೆಂಚಿನ ಮನೆ, ನೇಕಾರರ ಸಂಘದ ಶೆಡ್ಡು, ಬಣ್ಣ ಹಾಕುತ್ತಿದ್ದ ಅಂಗಳ, ಹಳೆಯ ಕುಲುಮೆ. ಇವುಗಳಿಗೆ ಸಾಮಾನ್ಯವಾಗಿ ಎರಡು ಗತಿ. ಒಂದು, ತಾನಾಗಿ ಬೀಳುವುದು. ಮೊದಲು ನಾಲ್ಕು ಹೆಂಚು ಜಾರುತ್ತವೆ. ಆ ಮಳೆಗಾಲದಲ್ಲಿ ಹೆಂಚಿನ ಕೆಳಗಿನ ರೀಪು ನೆನೆಯುತ್ತದೆ, ಮುಂದಿನ ಮಳೆಗಾಲದಲ್ಲಿ ರೀಪು ಹೊತ್ತ ಪಕಾಸಿಗೆ ಗೆದ್ದಲು ಹತ್ತುತ್ತದೆ, ಆಮೇಲೆ ಮಣ್ಣಿನ ಗೋಡೆ ತಲೆಯಿಂದ ಕರಗಲು ಶುರುವಾಗುತ್ತದೆ. ಇನ್ನೊಂದು ಗತಿ, ಯಾರೋ ಒಳ್ಳೆಯ ಮನಸ್ಸಿನಿಂದಲೇ ಬಂದು ಅದನ್ನು ಶೋರೂಮು ಮಾಡುವುದು. ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಗಳನ್ನು ಮುಚ್ಚಿ ಹೊಳೆಯುವ ಟೈಲ್ಸ್ ಹಾಕುತ್ತಾರೆ. ಹೆಂಚಿನ ಕೆಳಗೊಂದು ಫಾಲ್ಸ್ ಸೀಲಿಂಗ್ ಬರುತ್ತದೆ. ಮೂಲೆಯಲ್ಲಿ ಒಂದು ಮಗ್ಗಕ್ಕೆ ವಾರ್ನಿಷ್ ಹೊಡೆದು ನಿಲ್ಲಿಸುತ್ತಾರೆ. ಅದರ ಮೇಲೆ ಹೂವಿನ ಕುಂಡ ಇಟ್ಟಿದ್ದನ್ನೂ ನಾನು ನೋಡಿದ್ದೇನೆ.

ಎರಡನೆಯದು ಮೊದಲನೆಯದಕ್ಕಿಂತ ಮೇಲು ಅಂತ ನಿಮಗೆ ಅನ್ನಿಸಬಹುದು. ಕಟ್ಟಡ ಉಳಿಯಿತಲ್ಲ ಅಂತ. ನಾನು ಒಪ್ಪುವುದಿಲ್ಲ. ಕೆಲಸ ನಡೆಯಲಿ ಅಂತ ಕಟ್ಟಿದ ಮನೆಗೆ ಮೊದಲು ಕೆಲಸ ವಾಪಸ್ ಬರಬೇಕು. ಎರಡು ಮಗ್ಗ ಆದರೂ ಸರಿ, ನಾಲ್ಕು ರಾಟೆ ಆದರೂ ಸರಿ. ಅಂಗಡಿ ಅದರ ಮುಂದೆ ಕೂರಬೇಕು, ಅದರ ಜಾಗದಲ್ಲಿ ಅಲ್ಲ. ಇವತ್ತು ನಾನು ಹೆಂಚು, ಗಾರೆ, ಬೆಲೆ, ಕೀಲಿಕೈ ಅಂತ ಏನೇ ಹೇಳಿದರೂ ಈ ಮಾತಿಗೇ ಸೇರುತ್ತದೆ.

ಬದನವಾಳು ನಿಮಗೆ ಗೊತ್ತಿರುತ್ತದೆ. ನಂಜನಗೂಡು ತಾಲ್ಲೂಕಿನ ಊರು. ಗಾಂಧೀಜಿ 1927ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ನಂದಿಬೆಟ್ಟಕ್ಕೆ ಬಂದರು. ಅಲ್ಲಿಂದ ಬೆಂಗಳೂರಿಗೆ ಇಳಿದು, ಸ್ವಲ್ಪ ಸುಧಾರಿಸಿದ ಮೇಲೆ ಮೈಸೂರು ಸೀಮೆಯಲ್ಲಿ ಖಾದಿಗಾಗಿ ಓಡಾಡಿದರು. ಬದನವಾಳಿನ ಖಾದಿ ಕೇಂದ್ರ ಹುಟ್ಟಿದ್ದೂ ಆ ಕಾಲದಲ್ಲೇ. ಪಕ್ಕದ ತಗಡೂರಿನಲ್ಲಿ ತಗಡೂರು ರಾಮಚಂದ್ರರಾಯರು ಖಾದಿ ಕೆಲಸಕ್ಕೆ ಜೀವ ತೇಯ್ದರು. ಸುತ್ತಲ ಹಳ್ಳಿಗಳ ಹೆಂಗಸರು ನೂಲು ತಂದು ಕೊಟ್ಟು ಕೂಲಿ ಒಯ್ಯುತ್ತಿದ್ದರು. ಅದು ಬರಗಾಲದಲ್ಲೂ ಬರುವ ಕೂಲಿ. ಮಳೆ ಬಂದರೂ ಬಾರದಿದ್ದರೂ ರಾಟೆ ತಿರುಗುತ್ತದೆ ನೋಡಿ.

ಆಮೇಲೆ ಆ ಕೇಂದ್ರಕ್ಕೆ ಏನಾಯಿತು ಅಂತ ನಿಮಗೆ ಗೊತ್ತು. ಕೆಲಸ ಕರಗಿತು, ಹೆಂಚಿನ ಶೆಡ್ಡುಗಳು ಪಾಳು ಬಿದ್ದವು. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರು ಆ ಪಾಳು ಕಟ್ಟಡಗಳ ನಡುವೆಯೇ ಬದನವಾಳು ಸತ್ಯಾಗ್ರಹ ಕೂತರು. ದೇಶದ ಬೇರೆ ಬೇರೆ ಕಡೆಯಿಂದ ಜನ ಬಂದರು. ಸಭೆ ಮಾಡಲು ಒಳ್ಳೆಯ ಸಭಾಂಗಣ ಬೇರೆ ಎಲ್ಲಾದರೂ ಸಿಗುತ್ತಿತ್ತು. ಆದರೂ ಬಿರುಕು ಬಿಟ್ಟ ಗೋಡೆಯ ಮುಂದೆ ಕೂತರು. ಕೈಕಸುಬಿನ ಬಗ್ಗೆ ಹೋದ ಊರಲ್ಲೆಲ್ಲ ಭಾಷಣ ಮಾಡಬಹುದು, ಕಸುಬು ಇದ್ದ ಜಾಗದಲ್ಲಿ ಕೂತು ಮಾತಾಡಿದರೆ ಅದರ ತೂಕವೇ ಬೇರೆ. ಆ ಸಭೆಯ ನಂತರ ಬದನವಾಳಿನ ಹೆಸರು ಹೊಸ ತಲೆಮಾರಿಗೆ ಗೊತ್ತಾಯಿತು. ಒಂದು ಹಳೆಯ ಕೆಲಸದ ಮನೆಗೆ ಇಷ್ಟು ಶಕ್ತಿ ಇರುತ್ತದೆ. ಅದನ್ನು ಸುಮ್ನೆ ಗೋದಾಮು ಮಾಡಿಬಿಡುವುದು ದೊಡ್ಡ ನಷ್ಟ.

ಈಗ ಕಟ್ಟಡಕ್ಕೆ ಬರೋಣ. ವಿದ್ಯಾರ್ಥಿಗಳು ಸ್ವಲ್ಪ ಗಮನ ಕೊಡಿ. ಅಳತೆ ಟೇಪು ತೆಗೆಯುವ ಮೊದಲು ಕಟ್ಟಡವನ್ನು ಓದಬೇಕು. ಒಂದು ಹೆಂಚು ತೆಗೆದು ಮಗುಚಿ ನೋಡಿ. ಹಿಂದೆ ಕಾರ್ಖಾನೆಯ ಹೆಸರು ಇರುತ್ತದೆ. ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಅಂತ ಇದ್ದರೆ ಜನ ಖುಷಿಯಾಗಿ ನಮ್ಮ ಶೆಡ್ಡು 1865ರದ್ದು ಅನ್ನುತ್ತಾರೆ. ಅದು ಹೆಂಚು ಸುಟ್ಟ ವರ್ಷವಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಅನ್ನುವ ಜರ್ಮನ್ ಮಿಷನರಿ ಕಾರ್ಖಾನೆ ಶುರು ಮಾಡಿದ ವರ್ಷ. ಎಷ್ಟೋ ವರ್ಷದ ನಂತರ ಸುಟ್ಟ ಹೆಂಚಿಗೂ ಅದೇ ಅಚ್ಚು. ಆದರೆ ಹೆಸರು ಬೇರೆ ಸುಳಿವು ಕೊಡುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ಕಾರ್ಖಾನೆಗಳನ್ನು ಬ್ರಿಟಿಷ್ ಸರಕಾರ ವಶಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಹೆಂಚಿನ ಹಿಂದೆ ಕಾಮನ್‌ವೆಲ್ತ್ ಅಂತ ಇದ್ದರೆ ಅದು ಯುದ್ಧದ ಈಚಿನದು ಅಂತ ಖಚಿತವಾಗಿ ಹೇಳಬಹುದು. ಒಂದೇ ಮಾಡಿನಲ್ಲಿ, ಅಂದರೆ ಚಾವಣಿಯಲ್ಲಿ, ಎರಡು ಮೂರು ಹೆಸರು ಸಿಕ್ಕರೆ ಮಧ್ಯೆ ರಿಪೇರಿ ಆಗಿದೆ ಅಂತ ಅರ್ಥ.

ಇದೇ ಬಾಸೆಲ್ ಮಿಷನ್ ಬಗ್ಗೆ ಇನ್ನೊಂದು ಮಾತು. ಇವರು ಹೆಂಚಿಗಿಂತ ಮೊದಲೇ ಮಂಗಳೂರಿನ ಬಲ್ಮಠದಲ್ಲಿ ನೇಯ್ಗೆ ಶುರು ಮಾಡಿದ್ದರು. 1851ರಲ್ಲಿ ಬಂದ ಜಾನ್ ಹಾಲರ್ ಅಲ್ಲಿ ಖಾಕಿ ಬಣ್ಣ ತಯಾರಿಸಿದ. ಪೊಲೀಸರು, ಸೈನಿಕರು ತೊಡುವ ಖಾಕಿಗೆ ನಮ್ಮ ಕರಾವಳಿಯ ಒಂದು ಮಗ್ಗದ ಮನೆಯ ನಂಟಿದೆ. ನಿಮ್ಮ ಊರಿನ ಶೆಡ್ಡಿಗೂ ಹೀಗೆ ಏನಾದರೂ ಕಥೆ ಇರಬಹುದು. ಹಳೆಯ ಲೆಕ್ಕದ ಪುಸ್ತಕಗಳು ಮೂಲೆಯಲ್ಲಿ ಗೆದ್ದಲು ಹಿಡಿದು ಬಿದ್ದಿರುತ್ತವೆ. ದಯವಿಟ್ಟು ಗುಜರಿಗೆ ಹಾಕಬೇಡಿ. ಯಾರು ಎಷ್ಟು ಲಡಿ ನೂಲು ಕೊಟ್ಟರು, ಎಷ್ಟು ಕೂಲಿ ಒಯ್ದರು ಅಂತ ಅದರಲ್ಲಿರುತ್ತದೆ. ಊರಿನ ಹೆಂಗಸರ ಹೆಸರು ಬೇರೆ ಯಾವ ದಾಖಲೆಯಲ್ಲೂ ಅಷ್ಟು ಸಾಲಾಗಿ ಸಿಗುವುದಿಲ್ಲ.

ಹೆಂಚಿನಿಂದ ಕಿಟಕಿಗೆ. ಬಾಗಲಕೋಟೆ ಕಡೆಯ ಒಂದು ಊರಲ್ಲಿ ಸಂಘದ ಹಳೆಯ ಶೆಡ್ಡಿನ ಕೆಲಸಕ್ಕೆ ಹೋಗಿದ್ದೆ. ಅಲ್ಲಿ ಕಿಟಕಿಗಳು ತೀರಾ ಕೆಳಗಿದ್ದವು. ನಾವು ನಿಂತರೆ ಮೊಣಕಾಲಿನ ಹತ್ತಿರ ಬರುತ್ತವೆ. ಜೊತೆಗೆ ಬಂದಿದ್ದ ಹುಡುಗರು ಇದನ್ನು ಮುಚ್ಚಿ, ಮೇಲೆ ದೊಡ್ಡ ಕಿಟಕಿ ಒಡೆಯೋಣ, ಕೆಳಗೆ ಸೀರೆಯ ರ‍್ಯಾಕ್ ಬರುತ್ತದೆ ಅಂತ ನಕ್ಷೆ ಹಾಕಿದರು. ಬಾಗಿಲ ಹತ್ತಿರ ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದ ಒಬ್ಬ ಅಜ್ಜಿ ಕೇಳಿಸಿಕೊಂಡರು. “ಅಲ್ಲಿ ರ‍್ಯಾಕ್ ಇಡಬ್ಯಾಡ್ರಿ ಅಕ್ಕಾರ. ಬೆಳಕು ಎಳಿ ಮ್ಯಾಲ ಬೀಳಬೇಕು. ಗೋಡಿ ಮ್ಯಾಲ ಬಿದ್ರ ಏನ್ ಬಂತು?” ಅಂದರು. ಅಷ್ಟೇ. ಗುಂಡಿ ಮಗ್ಗದಲ್ಲಿ ನೇಕಾರ ನೆಲದ ಮಟ್ಟದಲ್ಲಿ ಕೂರುತ್ತಾನೆ, ಕಾಲು ಗುಂಡಿಯೊಳಗೆ ಇರುತ್ತದೆ. ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ಹರಡಿರುತ್ತದೆ. ಬೆಳಕು ಆ ಎತ್ತರಕ್ಕೇ ಬರಬೇಕು. ಎಳೆ ಹರಿದರೆ ಕಾಣಬೇಕಲ್ಲ. ಕಿಟಕಿ ಕೆಳಗಿದ್ದದ್ದು ಅದಕ್ಕೆ.

ಗುಂಡಿಯದ್ದೂ ಹಾಗೆಯೇ. ನೆಲದ ಹತ್ತಿರ ತಂಪು ಇರುತ್ತದೆ, ತೇವ ಇರುತ್ತದೆ. ಹತ್ತಿಯ ಎಳೆ ಒಣಗಿದರೆ ಪಟಪಟ ಹರಿಯುತ್ತದೆ, ತೇವ ಇದ್ದರೆ ತಾಳುತ್ತದೆ. ಗುಂಡಿ ಮುಚ್ಚಿ, ಮೇಲೆ ಫ್ಯಾನು ಹಾಕಿ, ಬೇಸಿಗೆಯಲ್ಲಿ ನೇಯಲು ಕೂರಿಸಿದರೆ ಆ ನೇಕಾರ ಅರ್ಧ ದಿನ ಎಳೆ ಕಟ್ಟುವುದರಲ್ಲೇ ಕಳೆಯುತ್ತಾನೆ. ಹಾಗಾಗಿ ಒಂದು ಕೈಜೋಡಿಸಿದ ಕೋರಿಕೆ. ನೆಲ ಸಮ ಮಾಡುವ ಗುತ್ತಿಗೆ ಕೊಡುವಾಗ ಗುಂಡಿಗಳನ್ನು ಮುಚ್ಚಬೇಡಿ. ಎಲ್ಲ ಗುಂಡಿಗೂ ಈಗಲೇ ಮಗ್ಗ ಸಿಗದಿದ್ದರೆ ಗಟ್ಟಿ ಹಲಗೆ ಹೊದಿಸಿ. ನಾಳೆ ಒಬ್ಬ ನೇಕಾರ ವಾಪಸ್ ಬಂದರೆ ಹಲಗೆ ಎತ್ತಿದರಾಯಿತು.

ರಿಪೇರಿ ಎಲ್ಲಿಂದ ಶುರು ಮಾಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಮಾಡಿನಿಂದ. ಗೋಡೆಗೆ ಬಣ್ಣ, ಬಾಗಿಲಿಗೆ ಪಾಲಿಶು, ಬೋರ್ಡು, ಉದ್ಘಾಟನೆಯ ಕಲ್ಲು, ಇವೆಲ್ಲ ಆಮೇಲೆ. ಮಾಡು ನಿಂತರೆ ಕಟ್ಟಡ ನಿಂತಂತೆ. ಸಾವಿರ ಚದರ ಅಡಿ ಮಾಡಿಗೆ ಸುಮಾರು ಒಂದೂವರೆ ಸಾವಿರ ಮಂಗಳೂರು ಹೆಂಚು ಬೇಕು. ಒಂದೊಂದು ಎರಡೂವರೆ ಕೆ.ಜಿ. ಆಸುಪಾಸು ತೂಗುತ್ತದೆ. ಅಂದರೆ ಒಣಗಿದ್ದಾಗಲೇ ಮೂರೂವರೆ ಟನ್ನಿಗಿಂತ ಜಾಸ್ತಿ ಭಾರ ಆ ಪಕಾಸಿಗಳ ಮೇಲೆ ಕೂತಿರುತ್ತದೆ, ಮಳೆಯಲ್ಲಿ ಇನ್ನೂ ಜಾಸ್ತಿ. ಒಂದು ತೊಲೆಯ ತುದಿ ಗೋಡೆಯೊಳಗೆ ಕೊಳೆತಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಬಡಗಿಯನ್ನು ಹತ್ತಿಸಿ, ಉಳಿಯಿಂದ ಚುಚ್ಚಿ ನೋಡಿಸಿ. ಉಳಿ ಸಲೀಸಾಗಿ ಒಳಗೆ ಹೋದರೆ ಆ ಭಾಗ ಕೊಯ್ದು ಹೊಸ ಮರ ಜೋಡಿಸಬೇಕು. ಇಡೀ ತೊಲೆ ಬದಲಿಸುವುದು ಬೇಕಾಗಿಲ್ಲ. ಹಳೆಯ ಸಾಗುವಾನಿ ಈಗ ಎಲ್ಲಿ ಸಿಗಬೇಕು?

ಹಳೆ ಹೆಂಚು ಬಿಸಾಡಬೇಡಿ. ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಒಳಗೆ ಬಿರುಕಿದೆ. ತೊಳೆದು, ಪಾಚಿ ಉಜ್ಜಿ ಅದನ್ನೇ ಮತ್ತೆ ಕೂರಿಸಿ. ಮಂಗಳೂರಿನ ಕಡೆ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಜೇಡಿ ಮಣ್ಣು ಸಿಗುವುದಿಲ್ಲ, ಸೌದೆ ದುಬಾರಿ. ಇವತ್ತು ನೀವು ಬಿಸಾಡಿದ ಹೆಂಚಿಗೆ ನಾಳೆ ಜೋಡಿ ಸಿಗದೇ ಹೋಗಬಹುದು. ನಡುನಡುವೆ ಗಾಜಿನ ಹೆಂಚು ಹಾಕಿದರೆ ಹಗಲು ಕರೆಂಟಿನ ಹಂಗಿಲ್ಲ. ಆದರೆ ಬಟ್ಟೆ ಇಡುವ ಜಾಗದ ಮೇಲೆ ಹಾಕಬೇಡಿ, ಕಾರಣ ಆಮೇಲೆ ಹೇಳುತ್ತೇನೆ.

ಮಂಗಗಳ ವಿಷಯ ಯಾರಾದರೂ ಕೇಳಿಯೇ ಕೇಳುತ್ತೀರಿ. ಮಂಗ ಓಡಾಡಿ ಹೆಂಚು ಒಡೆಯುತ್ತೆ, ಅದಕ್ಕೆ ಶೀಟು ಹಾಕಿಬಿಡೋಣ ಅಂತ. ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಶೀಟಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಕೂತು ನೇಯಲು ಆಗುವುದಿಲ್ಲ. ಮಳೆ ಬಂದರೆ ಪಕ್ಕದವರ ಮಾತು ಕೇಳುವುದಿಲ್ಲ. ಮಾಡಿಗೆ ತಾಗುವ ಕೊಂಬೆ ಸವರಿ, ಪ್ರತಿ ವರ್ಷ ಮಳೆಗೆ ಮೊದಲು ಒಬ್ಬರನ್ನು ಹತ್ತಿಸಿ ಕೈ ಆಡಿಸಿ, ನೂರಿನ್ನೂರು ಹೆಂಚು ಹೆಚ್ಚಿಗೆ ಇಟ್ಟುಕೊಳ್ಳಿ. ಇದಕ್ಕೆ ವರ್ಷವರ್ಷ ಸ್ವಲ್ಪ ದುಡ್ಡು ಬೇಕು. ಅದನ್ನು ಅಂಗಡಿಯ ಲೆಕ್ಕದಲ್ಲೇ ಬಾಡಿಗೆ ಅಂತ ಬರೆದು ತೆಗೆದಿಡಿ.

ಇನ್ನು ಗೋಡೆ. ಇಲ್ಲಿ ಸಿಮೆಂಟು ಬರುತ್ತದೆ, ಬಂದು ಕೆಡಿಸುತ್ತದೆ. ಮಣ್ಣಿನ ಗೋಡೆ, ಸುಣ್ಣದ ಗಾರೆಯ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತವೆ, ಗಾಳಿಗೆ ಬಿಟ್ಟುಕೊಡುತ್ತವೆ. ಮೇಲೆ ಸಿಮೆಂಟು ಬಳಿದರೆ ಆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಎರಡು ವರ್ಷ ನೋಡಲು ಚೆನ್ನಾಗಿರುತ್ತದೆ. ಆಮೇಲೆ ಬಿಳಿ ಉಪ್ಪು ಒಸರುತ್ತದೆ, ಸಿಮೆಂಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ, ಉದುರುವಾಗ ಒಳಗಿನ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಜನ ಹಳೇ ಗೋಡೆ ಸರಿ ಇರಲಿಲ್ಲ ಅನ್ನುತ್ತಾರೆ. ಗೋಡೆ ಸರಿಯಾಗಿಯೇ ಇತ್ತು, ಅದರ ಉಸಿರು ಕಟ್ಟಿಸಿದ್ದು ನಾವು. ಸುಣ್ಣದ ಕಲ್ಲು ತಂದು ನೀರಲ್ಲಿ ಅರಳಿಸಿ, ಕೆಲವು ವಾರ ನೆನೆಯಲು ಬಿಡಿ. ಹೆಚ್ಚು ದಿನ ನೆನೆದಷ್ಟೂ ಒಳ್ಳೆಯದು. ನಮ್ಮ ಕಡೆ ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಸೇರಿಸುವ ಪದ್ಧತಿ ಇತ್ತು. ಗಾರೆ ಅರೆಯುತ್ತಿದ್ದ ಗಾಣದ ಕಲ್ಲು ಇನ್ನೂ ಎಷ್ಟೋ ಊರಿನಲ್ಲಿ ಕೆರೆ ಏರಿಯ ಹತ್ತಿರ ಬಿದ್ದಿರುತ್ತದೆ. ಗಾರೆ ಕೆಲಸ ಬಲ್ಲ ಮೇಸ್ತ್ರಿ ಸಿಗುವುದು ಕಷ್ಟ, ನಿಜ. ಸಿಕ್ಕರೆ ಅವರ ಜೊತೆ ಊರಿನ ಇಬ್ಬರು ಹುಡುಗರನ್ನು ನಿಲ್ಲಿಸಿ. ಆ ಒಂದು ಶೆಡ್ಡು ಮುಗಿಯುವ ಹೊತ್ತಿಗೆ ಊರಿಗೆ ಇನ್ನೊಂದು ಕಸುಬು ಬಂದಿರುತ್ತದೆ.

ಕಟ್ಟಡ ಬಿಟ್ಟು ಅಂಗಡಿಗೆ ಬರುತ್ತೇನೆ. ಅಂಗಡಿ ಎಲ್ಲಿರಬೇಕು? ಹೆಚ್ಚಿನ ಶೆಡ್ಡುಗಳಲ್ಲಿ ಮುಂದೆ ಒಂದು ಸಣ್ಣ ಕೋಣೆ ಇರುತ್ತದೆ. ಗುಮಾಸ್ತರು ಕೂರುತ್ತಿದ್ದ, ನೂಲು ತೂಗುತ್ತಿದ್ದ ಕೋಣೆ. ಅಂಗಡಿಗೆ ಅದೇ ಸಾಕು. ಬಂದವರು ಅಲ್ಲಿಂದ ಒಳಗೆ ಇಣುಕುವ ಹಾಗಿರಬೇಕು, ಲಾಳಿ ಓಡುವ ಸದ್ದು ಕೇಳಬೇಕು. ಚನ್ನಪಟ್ಟಣದಲ್ಲಿ ನೀವು ನೋಡಿರಬಹುದು. ಹೆದ್ದಾರಿ ಬದಿಯ ಅಂಗಡಿಯಲ್ಲಿ ಗೊಂಬೆ ಕೈಗೆತ್ತಿಕೊಂಡು ಜನ ಚೌಕಾಸಿ ಮಾಡುತ್ತಾರೆ. ಅದೇ ಜನರನ್ನು ಒಳಗೆ ಕೆಲಸ ನಡೆಯುವಲ್ಲಿಗೆ ಕರೆದುಕೊಂಡು ಹೋಗಿ. ಆಲೆ ಮರದ ತುಂಡು ಗಿರಗಿರ ತಿರುಗುತ್ತಿರುತ್ತದೆ. ಕೆಲಸಗಾರ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾನೆ. ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಒಂದು ಒಣ ಗರಿ ಹಿಡಿದು ಅದರ ಮೇಲೆ ಎಳೆಯುತ್ತಾನೆ, ಮಂಕಾಗಿದ್ದ ಬಣ್ಣ ಕಣ್ಣೆದುರೇ ಹೊಳೆಯುತ್ತದೆ. ಅದನ್ನು ನೋಡಿದವರು ಆಮೇಲೆ ಚೌಕಾಸಿ ಮಾಡಿದ್ದು ನಾನು ಕಂಡಿಲ್ಲ. ಕೆಲಸ ಕಂಡರೆ ಬೆಲೆ ಅರ್ಥವಾಗುತ್ತದೆ, ಮಾರುವವರು ಬಾಯಿ ನೋಯಿಸಿಕೊಳ್ಳಬೇಕಾಗಿಲ್ಲ.

ಇಳಕಲ್ ಸೀರೆಗೂ ಹೀಗೆಯೇ ಮಾಡಬಹುದು. ಅಂಗಡಿಯವರು ಸೀರೆ ಬಿಚ್ಚಿ ಸೆರಗು ತೋರಿಸುತ್ತಾರೆ, ಅಂಚು ತೋರಿಸುತ್ತಾರೆ. ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿದ ಜಾಗ ತೋರಿಸುವವರು ಕಮ್ಮಿ. ಮೈಯ ಒಂದೊಂದು ಎಳೆಯನ್ನು ಸೆರಗಿನ ಕೆಂಪು ರೇಷ್ಮೆ ಎಳೆಗೆ ಕೈಯಿಂದ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಅದೇ ಇಳಕಲ್ಲಿನ ಗುರುತು. ಆ ಜಾಗವನ್ನು ಬೆಳಕಿಗೆ ಹಿಡಿದು ತೋರಿಸಿ. ಸಾಧ್ಯವಾದರೆ ಹಾಸು ಕೂಡಿಸುವ ಹೆಂಗಸರು ಕೂತಿರುವ ಕಡೆಗೇ ಗಿರಾಕಿಯನ್ನು ಕರೆದುಕೊಂಡು ಹೋಗಿ.

ಬೆಳಕಿನ ಮಾತು ಬಂತು. ಗಿಡಮೂಲಿಕೆಯ ಬಣ್ಣದ ಬಟ್ಟೆಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿ, ಗಾಜಿನ ಹೆಂಚಿನ ಕೆಳಗೆ ತೂಗುಹಾಕಬೇಡಿ. ಅರಿಶಿನದ ಹಳದಿ ಬೇಗನೇ ಹೋಗುತ್ತದೆ. ಅಡಿಕೆ ಚೊಗರಿನ ಕೆಂಗಂದು ಬಣ್ಣ, ನೀಲಿ ಸ್ವಲ್ಪ ತಾಳುತ್ತವೆ, ಆದರೂ ಒಂದು ಮಡಿಕೆ ಮಾಸಿದರೆ ಆ ಸೀರೆ ಹೋಯಿತು. ಬೆಳಕು ಮಗ್ಗಕ್ಕೆ, ನೆರಳು ಬಟ್ಟೆಗೆ ಅಂತ ಜಾಗ ಹಂಚಿಕೊಳ್ಳಿ.

ಶೌಚಾಲಯದ ವಿಷಯ ಹೇಳದೆ ಮುಂದೆ ಹೋಗುವುದಿಲ್ಲ. 2019–20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಯ್ಗೆ ಮತ್ತು ಅದರ ಜೊತೆಗಿನ ಕೆಲಸ ಮಾಡುವವರು 35 ಲಕ್ಷಕ್ಕೂ ಜಾಸ್ತಿ. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಹೆಂಗಸರು. ಆದರೂ ಎಷ್ಟು ಹಳೆಯ ಶೆಡ್ಡುಗಳಲ್ಲಿ ಹೆಂಗಸರಿಗೆ ಶೌಚಾಲಯ ಇದೆ? ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಾರೆ. ಹಳೆ ಕಟ್ಟಡದ ರೂಪ ಕೆಡುತ್ತದೆ ಅಂತ ಇದನ್ನು ಮುಂದೂಡುವವರನ್ನು ನೋಡಿದ್ದೇನೆ. ಹಿತ್ತಲಿನಲ್ಲಿ ಬೇರೆಯಾಗಿ ಕಟ್ಟಿ. ಬೋರ್ಡಿಗಿಂತ ಮೊದಲು ಕಟ್ಟಿ.

ದುಡ್ಡಿನ ಲೆಕ್ಕಕ್ಕೆ ಬರೋಣ, ಹೆಚ್ಚಿನ ಅಂಗಡಿಗಳು ಮುಚ್ಚುವುದು ಇಲ್ಲೇ. ಖಾದಿ ನೂಲುವವರ ಕೂಲಿ ನೋಡಿ. ಒಂದು ಲಡಿ ಅಂದರೆ ಸಾವಿರ ಮೀಟರ್ ನೂಲು. 2023ಕ್ಕೆ ಮೊದಲು ಅದಕ್ಕೆ ₹7.50 ಇತ್ತು. ಆಮೇಲೆ ₹10 ಆಯಿತು, 2024ರ ಅಕ್ಟೋಬರಿನಲ್ಲಿ ₹12.50 ಆಯಿತು. 2024ರ ಆ ದರದಲ್ಲಿ ದಿನಕ್ಕೆ 20 ಲಡಿ ತೆಗೆದರೂ ಸಿಗುತ್ತಿದ್ದದ್ದು ₹250. ಇಪ್ಪತ್ತು ಕಿಲೋಮೀಟರ್ ನೂಲು ಅದು. ಅಷ್ಟು ನೂತವರಿಗೆ ನಾವು ಮಾತಿನಲ್ಲಿ ದೇಶಸೇವೆ ಅಂತ ಹಾರ ಹಾಕುತ್ತೇವೆ, ಕೂಲಿ ಮಾತ್ರ ಹೊಲದ ಕೂಲಿಯನ್ನೂ ಮುಟ್ಟುವುದಿಲ್ಲ. ನಿಮ್ಮ ಅಂಗಡಿ ಏನಾದರೂ ಹೊಸದು ಮಾಡಬೇಕು ಅಂದರೆ ಇಲ್ಲಿ ಮಾಡಬೇಕು. ಸಂಘದ ದರದ ಮೇಲೆ ಅಂಗಡಿಯ ಲಾಭದಿಂದ ಇನ್ನಷ್ಟು ಸೇರಿಸಿ ಕೊಡಬೇಕು.

ಎರಡನೆಯದು, ಸರಕು ಹೇಗೆ ತೆಗೆದುಕೊಳ್ಳುತ್ತೀರಿ? ಮಾರಾಟವಾದ ಮೇಲೆ ದುಡ್ಡು ಕೊಡುತ್ತೇವೆ ಅನ್ನುವ ಪದ್ಧತಿ ಎಲ್ಲ ಕಡೆ ಇದೆ. ಅಂಗಡಿಗೆ ಅನುಕೂಲ, ಮಾಡಿದವರಿಗೆ ಕಷ್ಟ. ಒಬ್ಬ ನೇಕಾರ ಇಪ್ಪತ್ತು ಟವಲ್ ತಂದುಕೊಟ್ಟು ನಾಲ್ಕು ತಿಂಗಳು ಕಾಯಬೇಕು ಅಂದರೆ ಮುಂದಿನ ಹಾಸು ಹೂಡಲು ನೂಲು ಯಾವ ದುಡ್ಡಲ್ಲಿ ತರುತ್ತಾನೆ? ಸಾಲ ಮಾಡುತ್ತಾನೆ. ಸಾಲ ಕೊಟ್ಟವನು ಬಟ್ಟೆಯನ್ನೂ ತನಗೇ ಕೊಡಬೇಕು ಅನ್ನುತ್ತಾನೆ. ಹೀಗೆಯೇ ಒಳ್ಳೊಳ್ಳೆಯ ನೇಕಾರರು ಸಂಘದಿಂದ ಜಾರಿ ಹೋದದ್ದು. ಕಮ್ಮಿ ಸರಕು ಇಡಿ, ಆದರೆ ತಂದ ದಿನವೇ ದುಡ್ಡು ಕೊಡಿ. ಕಪಾಟು ಅರ್ಧ ಖಾಲಿ ಕಂಡರೂ ಪರವಾಗಿಲ್ಲ.

ಒಂದೇ ಸರಕನ್ನು, ಒಬ್ಬನೇ ಗಿರಾಕಿಯನ್ನು ನಂಬಬೇಡಿ. ಹುಬ್ಬಳ್ಳಿಯ ಬೆಂಗೇರಿ ನೋಡಿ. 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ಗರಗದ ಕಡೆ ನೂತು ನೇಯ್ದ ಬಟ್ಟೆಯಲ್ಲಿ ಅಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಅಳತೆ, ಬಣ್ಣ, ಎಳೆಗಳ ಲೆಕ್ಕ ಎಲ್ಲ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನಿಯಮದಂತೆ. ಕೆಂಪು ಕೋಟೆಯ ಮೇಲೆ ಹಾರುವ ಬಾವುಟಕ್ಕೂ ನಮ್ಮ ಧಾರವಾಡ ಸೀಮೆಯ ಹೆಂಗಸರ ಕೈಗೂ ಸಂಬಂಧ ಇದೆ ಅನ್ನುವುದು ಎಷ್ಟು ಹೆಮ್ಮೆಯ ವಿಷಯ ಹೇಳಿ! 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಾವುಟಕ್ಕೂ, ಯಂತ್ರದ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಖಾದಿ ಬಾವುಟದ ಬೇಡಿಕೆಗೆ ದೊಡ್ಡ ಪೆಟ್ಟು ಬಿತ್ತು. ಅವರ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ. ಎಲ್ಲೋ ದೂರದಲ್ಲಿ ಒಂದು ಸಾಲು ಬದಲಾಯಿತು, ಇಲ್ಲಿ ರಾಟೆ ನಿಧಾನವಾಯಿತು. ಹಾಗಾಗಿ ಟವಲ್, ಹೊದಿಕೆ, ಜೋಳಿಗೆ, ಕೌದಿ, ಸೀರೆ ಅಂತ ನಾಲ್ಕಾರು ಬಗೆ ಇರಲಿ.

ಊರಿನ ಅಂಗಡಿಯೊಂದರಿಂದಲೇ ಹತ್ತು ಮನೆ ನಡೆಯುವುದಿಲ್ಲ ಅನ್ನುವುದನ್ನೂ ಹೇಳಬೇಕು. ಸಾಗರದ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯವರು 1990ರ ದಶಕದಿಂದ ಹಳ್ಳಿಯಲ್ಲೇ ನೇಯಿಸಿ, ಬಣ್ಣ ಹಾಕಿಸಿ, ಹೊಲಿಸುತ್ತಾ ಬಂದಿದ್ದಾರೆ. ಅದನ್ನು ಮಾರಲು ಪಟ್ಟಣಗಳಲ್ಲಿ ‘ದೇಸಿ’ ಅನ್ನುವ ಹೆಸರಿನ ಅಂಗಡಿಗಳು ಬೇಕಾದವು. ಕೆಲಸ ಹಳ್ಳಿಯಲ್ಲಿ, ಗಿರಾಕಿ ಪೇಟೆಯಲ್ಲಿ. ಅಷ್ಟು ಮಾಡಿದವರಿಗೂ ಏಳುಬೀಳು ತಪ್ಪಲಿಲ್ಲ. 2017ರಲ್ಲಿ ಕೈಉತ್ಪನ್ನಕ್ಕೂ ಜಿಎಸ್‌ಟಿ ಬಂದಾಗ ಚರಕ ಕಟ್ಟಿದ ಅದೇ ಪ್ರಸನ್ನ ಕರ ನಿರಾಕರಣೆಯ ಸತ್ಯಾಗ್ರಹ ಮಾಡಬೇಕಾಯಿತು. ನಿಮ್ಮ ಶೆಡ್ಡಿನ ಅಂಗಡಿ ಊರಿಗೆ ಬಂದವರಿಗೆ ಮಾರಲಿ. ಜೊತೆಗೆ ಮೈಸೂರಿನ, ಬೆಂಗಳೂರಿನ ಒಂದೆರಡು ಅಂಗಡಿಗಳಿಗೆ ತಿಂಗಳಿಗೊಮ್ಮೆ ಗಂಟು ಕಳಿಸುವ ವ್ಯವಸ್ಥೆಯೂ ಇರಲಿ.

ಬೋರ್ಡಿನ ಮೇಲೆ ಏನು ಬರೆಯುತ್ತೀರಿ ಅನ್ನುವುದಕ್ಕೂ ಕಾನೂನಿದೆ. ಖಾದಿ ಆಯೋಗದ ಪ್ರಮಾಣಪತ್ರ ಇಲ್ಲದೆ ಖಾದಿ ಅಂತ ಮಾರುವ ಹಾಗಿಲ್ಲ. 2013ರಿಂದ ಖಾದಿ ಮಾರ್ಕ್ ನಿಯಮ ಇದೆ. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯ ಪ್ರಕಾರ ಹನ್ನೊಂದು ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲೇ ನೇಯಬೇಕು. ಪೇಟೆಯಲ್ಲಿ ಏನು ನಡೆಯುತ್ತಿದೆ ಅಂತ ನೇಕಾರರಿಗೆ ನಾನು ಹೇಳಬೇಕಾಗಿಲ್ಲ. ಆದರೆ ನಿಮ್ಮ ಅಂಗಡಿಯಲ್ಲಿ ಪವರ್‌ಲೂಮ್ ಸೀರೆ ಒಂದೂ ಇರಬಾರದು. ಹಬ್ಬದ ಸಮಯಕ್ಕೆ ಸರಕು ಸಾಲದು, ಒಂದಿಷ್ಟು ಹೊರಗಿನಿಂದ ತರಿಸೋಣ ಅನ್ನುವವರು ಬರುತ್ತಾರೆ. ಖಂಡಿತ ಒಪ್ಪಬೇಡಿ. ಒಳಗೆ ಮಗ್ಗ ಇಟ್ಟುಕೊಂಡು ಮುಂದೆ ಯಂತ್ರದ ಸೀರೆ ಮಾರಿದರೆ ಒಳಗೆ ಕೂತವರ ಮುಖ ಹೇಗೆ ನೋಡುತ್ತೀರಿ?

ಕೊನೆಯದಾಗಿ ಕೀಲಿಕೈ. ಪಂಚಾಯಿತಿಯವರು ಇದ್ದೀರಿ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಈ ಶೆಡ್ಡುಗಳ ಜಾಗ ಎಷ್ಟೋ ಕಡೆ ಒಬ್ಬರ ಹೆಸರಲ್ಲಿ, ಕಟ್ಟಡ ಇನ್ನೊಬ್ಬರ ಹೆಸರಲ್ಲಿ ಇರುತ್ತದೆ. ದಾನ ಕೊಟ್ಟವರ ಮೊಮ್ಮಕ್ಕಳು ಒಂದು ದಿನ ಬಂದು ನಿಲ್ಲುತ್ತಾರೆ. ಒಂದು ರೂಪಾಯಿ ಖರ್ಚು ಮಾಡುವ ಮೊದಲು ಖಾತೆ ಯಾರ ಹೆಸರಲ್ಲಿದೆ ನೋಡಿ. ಸಂಘ ಮುಚ್ಚಿದ್ದರೆ ಅದರ ಆಸ್ತಿ ಯಾರ ಕೈಯಲ್ಲಿದೆ ಅಂತ ಸಹಕಾರ ಇಲಾಖೆಯಲ್ಲಿ ಬರವಣಿಗೆಯಲ್ಲಿ ಕೇಳಿ. ಅಂಗಡಿಯನ್ನು ಒಬ್ಬ ಗುತ್ತಿಗೆದಾರನಿಗೆ ವಹಿಸುವುದಾದರೆ ಹಿಂದಿನ ಕೋಣೆಯಲ್ಲಿ ನೇಯ್ಗೆ ನಿಂತರೆ ಗುತ್ತಿಗೆಯೂ ನಿಲ್ಲುತ್ತದೆ ಅಂತ ಕರಾರಿನಲ್ಲಿ ಬರೆಯಿರಿ. ಈ ಒಂದು ಸಾಲು ಇಲ್ಲದೆ ಎಷ್ಟೋ ಶೆಡ್ಡುಗಳು ಬೇರೆ ವ್ಯಾಪಾರಕ್ಕೆ ಹೋಗಿಬಿಟ್ಟಿವೆ.

ಕೀಲಿಕೈ ಯಾರ ಸೊಂಟದಲ್ಲಿರುತ್ತದೆ ಅನ್ನುವುದು ಇನ್ನೊಂದು ಪ್ರಶ್ನೆ. ಬದನವಾಳಿನ ಮಾತು ಪೂರ್ತಿ ಹೇಳಬೇಕಾದರೆ 1993ನ್ನು ಬಿಡುವ ಹಾಗಿಲ್ಲ. ಆ ವರ್ಷ ಅಲ್ಲಿ ಮೂವರು ದಲಿತರ ಕೊಲೆಯಾಯಿತು. ಎರಡು ಕೇರಿ ಜೋಡಿಸುವ ದಾರಿಯಲ್ಲಿ ಓಡಾಟ ನಿಂತುಹೋಯಿತು. 2022ರ ಅಕ್ಟೋಬರ್ 2ರಂದು ರಾಹುಲ್ ಗಾಂಧಿ ಖಾದಿ ಕೇಂದ್ರಕ್ಕೆ ಬಂದಾಗ ಆ ದಾರಿಯನ್ನು ಸರಿಪಡಿಸಿ, ಎರಡೂ ಕೇರಿಯವರು ಸೇರಿ ಬಣ್ಣ ಹಚ್ಚಿದರು. ಗಾಂಧೀಜಿಯ ಹೆಸರು ಹೊತ್ತ ಕೇಂದ್ರ ಇರುವ ಊರಿನಲ್ಲೇ ಆ ಕೊಲೆಗಳು ನಡೆದಿದ್ದವು. ಹಳೆ ಕಟ್ಟಡ ತಾನಾಗಿ ಜನರನ್ನು ಕೂಡಿಸುವುದಿಲ್ಲ. ಯಾರು ಒಳಗೆ ಬರಬಹುದು, ಯಾರು ಗಲ್ಲಾಪೆಟ್ಟಿಗೆಯ ಮುಂದೆ ಕೂರಬಹುದು, ಯಾರು ಕುಡಿಯುವ ನೀರಿನ ಕೊಡ ಮುಟ್ಟಬಹುದು ಅನ್ನುವುದನ್ನು ನಾವೇ ತೀರ್ಮಾನ ಮಾಡಬೇಕು, ಗಟ್ಟಿಯಾಗಿ ಹೇಳಬೇಕು. ಸಮಿತಿ ಮಾಡುವಾಗ ಎಲ್ಲ ಕೇರಿಯ ಹೆಂಗಸರೂ ಇರಲಿ. ಹೆಸರಿಗೆ ಇದ್ದರೆ ಸಾಲದು, ಚೆಕ್ಕಿಗೆ ಅವರ ಸಹಿ ಬೇಕು ಅಂತ ಬರೆಯಿರಿ.

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು, ನಮ್ಮೂರಲ್ಲಿ ನೇಯುವವರೇ ಉಳಿದಿಲ್ಲವಲ್ಲ ಅಂತ. ಮನೆ ಮನೆಗೆ ಹೋಗಿ ವಿಚಾರಿಸಿ. ಬಿಟ್ಟವರು ಇರುತ್ತಾರೆ. ಗಾರ್ಮೆಂಟ್ಸಿಗೆ ಹೋಗುವವರು, ಗಾರೆ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಕೂತ ವಯಸ್ಸಾದವರು. ವಯಸ್ಸಾದವರಿಗೆ ಕಲಿಸಲು ಸಂಬಳ ಕೊಡಿ, ಕಲಿಯುವವರಿಗೆ ಮೊದಲ ಆರು ತಿಂಗಳು ತಿಂಗಳ ಸಂಬಳ ಕೊಡಿ. ಹೊಸಬರು ನೇಯ್ದ ಅಳತೆಯ ಮೇಲೆ ಕೂಲಿ ಅಂದರೆ ಮೊದಲ ವಾರವೇ ಓಡಿಹೋಗುತ್ತಾರೆ, ಅದು ಅವರ ತಪ್ಪಲ್ಲ. ಬಣ್ಣ, ಬೋರ್ಡು, ಉದ್ಘಾಟನೆಗೆ ಎತ್ತಿಟ್ಟ ದುಡ್ಡಿನಲ್ಲಿ ಇದು ಆಗುತ್ತದೆ. ಮತ್ತೆ, ಮಳೆಗಾಲಕ್ಕೆ ಇನ್ನು ಜಾಸ್ತಿ ದಿನ ಇಲ್ಲ. ಈ ವಾರವೇ ಬಡಗಿಯನ್ನು ಕರೆದು ಮಾಡು ಹತ್ತಿಸಿ.